ಎಡಗಡೆ ಕಿಟಕಿ

ಸೀಟು ಹಿಡಿಯುವ ವಿಷಯದಲ್ಲಿ ಏನಾದರೊಂದು ಎಡವಟ್ಟಾಗದೆ ನಮ್ಮ ಮನೆಯವರ ಪ್ರಯಾಣ ಮುಗಿದದ್ದೇ ಇಲ್ಲ. ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದು, ಅಲ್ಲಿಂದ ಹಾಸನಕ್ಕೆ ಬಿ.ಎ. ಓದಲು ಓಡಾಡುತ್ತಿದ್ದ ಕಾಲದಿಂದಲೂ ನಾನು ಪ್ರಯಾಣದ ನೋಟ್‌ಬುಕ್ ಇಟ್ಟಿದ್ದೇನೆ. ತಾರೀಖು, ಸಮಯ, ಕೂತ ಸೀಟು, ಕಂಡದ್ದು. ಕೆಳಗಿನದೆಲ್ಲ ಅದರಲ್ಲಿದೆ.

೧. ಟವೆಲ್

ಮದುವೆಯಾದ ಹೊಸತು. ಶೆಟ್ಟಿಹಳ್ಳಿ ಪಕ್ಕದ ನನ್ನ ತವರಿಗೆ ಹೊರಟಿದ್ದೆವು. ಹಾಸನದ ಬಸ್ಸು ಬಂತೆಂದು ನಮ್ಮ ಯಜಮಾನರು ಓಡಿ, ಕಿಟಕಿಯಿಂದ ಟವೆಲ್ ಎಸೆದು ನನಗೆ ಸೀಟು ಹಿಡಿದರು. ನಾವು ಬಾಗಿಲಿಗೆ ಸುತ್ತಿ ಬರುವಷ್ಟರಲ್ಲಿ ಬಸ್ಸು ಹೊರಟೇಹೋಯಿತು. ಬೋರ್ಡು ನೋಡಿದರೆ ಅರಕಲಗೂಡು!

ಮೂರು ದಿನ ಬಿಟ್ಟು ಅದೇ ಬಸ್ಸಿನ ಕಂಡಕ್ಟರ್ ಯಜಮಾನರ ಗುರುತು ಹಿಡಿದು ಟವೆಲ್ ತಂದುಕೊಟ್ಟ. "ತಗಳಿ ಸಾ. ಯಾರೋ ಇಡ್ದವ್ರೆ ಅಂತ ಒಬ್ರೂ ಕೂರ್ನಿಲ್ಲ. ಅರಕಲಗೂಡ್‌ಗಂಟ ಆರಾಮಾಗಿ ಕೂತ್ಕಂಡ್ ಬಂತು."

೨. ರೆಕ್ಕೆ

ಮಗಳು ಮಂಗಳೂರಿನಲ್ಲಿ ಪಾಠ ಹೇಳುತ್ತಾಳೆ. ಬೆಂಗಳೂರಿನಿಂದ ಅಲ್ಲಿಗೆ ಹೋಗುವ ವಿಮಾನ ನನ್ನ ತವರಿನ ಪಕ್ಕದ ಹೇಮಾವತಿ ಹಿನ್ನೀರಿನ ಹತ್ತಿರವೇ ಹಾದುಹೋಗುತ್ತದೆ ಎಂದು ಅವಳು ಹೇಳಿದ್ದೇ ತಡ, ತವರನ್ನೊಮ್ಮೆ ಆಕಾಶದಿಂದ ನೋಡಲೇಬೇಕೆಂದು ಹಟ ಹಿಡಿದೆ.

"ಹಾಸನದಿಂದ ನೆಟ್ಟಗೆ ಬಸ್ಸಿದೆ. ಹಿಂದಕ್ಕೆ ಬೆಂಗಳೂರಿಗೆ ಹೋಗಿ, ನಮ್ಮ ತಲೆ ಮೇಲೇ ಹಾರ್ಕಂಡು ಹೋಗ್ಬೇಕೇನೇ?" ಎಂದರು ಯಜಮಾನರು.

ಹೋದೆವು. ನಕ್ಷೆ ನೋಡಿ ಎಡಗಡೆ ಕಿಟಕಿಯನ್ನೇ ಆರಿಸಿದ್ದೆ. ಕೂತು ನೋಡಿದರೆ ಹೊರಗೆ ಬರೀ ರೆಕ್ಕೆ. ವಾಪಸ್ ಬರುವಾಗ ರೆಕ್ಕೆಗಿಂತ ಮುಂದೆ, ಮತ್ತೆ ಎಡಗಡೆಯೇ ಕೂತೆ. ಹೊಳೆ ಬರಲೇ ಇಲ್ಲ.

ಇಳಿದ ಮೇಲೆ ಯಜಮಾನರು ಮೆಲ್ಲಗೆ ಕೇಳಿದರು, "ವಾಪಸ್ ಬರೋವಾಗ ಎಡ ಬಲ ಆಗಲ್ವಾ? ಬಿ.ಎ.ಲಿ ಇದನ್ನ ಹೇಳ್ಕೊಡಲ್ಲ ಅನ್ಸುತ್ತೆ."

೩. ಹನ್ನೊಂದು ಗಂಟೆ

ಮೊನ್ನೆ ಮತ್ತೆ ಹೊರಟೆವು. ಎಡಗಡೆ, ರೆಕ್ಕೆಗಿಂತ ಮುಂದೆ, ಕಿಟಕಿ. ಅಣ್ಣನಿಗೂ ಫೋನು ಮಾಡಿದ್ದೆ. ಹನ್ನೊಂದಕ್ಕೆ ಸರಿಯಾಗಿ ಹಿನ್ನೀರಿನ ದಡದಲ್ಲಿ ನಿಂತು ಟವೆಲ್ ಬೀಸುತ್ತೇನೆ ಎಂದಿದ್ದ.

ವಿಮಾನ ಒಂದೂವರೆ ಗಂಟೆ ತಡವಾಯಿತು. ದಡದಲ್ಲಿ ಸಿಗ್ನಲ್ ಇಲ್ಲ. ಅಣ್ಣನಿಗೆ ಫೋನು ಹೋಗಲಿಲ್ಲ. ಎಂಬತ್ತರ ಹತ್ತಿರದವನು, ಬಿಸಿಲಿನಲ್ಲಿ ನಿಂತಿರುತ್ತಾನಲ್ಲ ಎಂದು ಜೀವ ಚಡಪಡಿಸಿತು.

ವಿಮಾನದ ಬಾಗಿಲು ತೆರೆದದ್ದೇ ಯಜಮಾನರು ನುಗ್ಗಿ ನನ್ನ ಸೀಟಿನ ಮೇಲೆ ಟವೆಲ್ ಹಾಸಿದರು.

"ಸರ್, ಟಿಕೆಟ್‌ನಲ್ಲೇ ನಂಬರ್ ಇದೆ, ಯಾರೂ ಕೂರಲ್ಲ," ಎಂದಳು ಗಗನಸಖಿ.

"ಇರ್ಲಿ ಕಣಮ್ಮ. ಟವೆಲ್ ಇದ್ರೆ ಧೈರ್ಯ."

ಹೊಳೆ ಕಂಡಿತು! ಹಸಿರಿನ ನಡುವೆ ನೀರು ಕೈ ಬೆರಳುಗಳ ಹಾಗೆ ಚಾಚಿಕೊಂಡಿತ್ತು. ಒಂದು ಚುಕ್ಕೆಯನ್ನು ಶೆಟ್ಟಿಹಳ್ಳಿಯ ಹಾಳು ಚರ್ಚ್ ಎಂದು ನಾನೇ ತೀರ್ಮಾನಿಸಿದೆ. ಅದರ ಪಕ್ಕ ಅಣ್ಣ ನಿಂತಿರುತ್ತಾನೆ. ನಾನು ಈಜು ಕಲಿಯುವಾಗ ಹೀಗೇ ದಡದಲ್ಲಿ ನಿಂತಿರುತ್ತಿದ್ದ. ಕಣ್ಣು ಮಂಜಾದರೂ ಬಿಡದೆ ಗಾಜಿಗೆ ಕೈ ಬೀಸಿದೆ, ನೀರು ಮರೆಯಾಗುವವರೆಗೂ.

ಮಂಗಳೂರಿನಲ್ಲಿ ಇಳಿದ ತಕ್ಷಣ ಫೋನು ಮಾಡಿದೆ. "ಅಣ್ಣಾ, ಬಿಸಿಲಲ್ಲಿ ತುಂಬಾ ಹೊತ್ತು ನಿಂತಿದ್ಯಾ?"

"ಎಲ್ಲಿ ಕಣವ್ವ, ಅನ್ನೊಂದಕ್ಕೆ ಸರ್ಯಾಗಿ ಬತ್ತಲ್ಲ ನಿನ್ ಇಮಾನ! ಟವಲ್ ಬೀಸ್ದೆ. ನೀನೂ ಕೈ ಬೀಸ್ದೆ. ಬಳೆ ಮಿಂಚ್ತು ನೋಡು, ಆಗ್ಲೇ ಗ್ಯಾನ ಆತು ನೀನೇ ಅಂತ. ಆಮ್ಯಾಕೆ ಮನೆಗ್ ಬಂದು ಉಂಡು ಮನಗಿದ್ದೆ."

ಹನ್ನೊಂದಕ್ಕೆ ನಾವಿನ್ನೂ ಬೆಂಗಳೂರಿನ ನೆಲದ ಮೇಲೆ ಕಾಫಿ ಕುಡಿಯುತ್ತಿದ್ದೆವು. "ಹೌದಣ್ಣ, ನೀನೂ ನಂಗೆ ಕಂಡೆ," ಎಂದೆ.

ನೋಟ್‌ಬುಕ್ಕಿನಲ್ಲಿ 'ಕಂಡದ್ದು' ಎಂಬ ಕಡೆ ಬರೆದೆ: ಅಣ್ಣ ತಂಗಿ ಇಬ್ಬರೂ ಕೈ ಬೀಸಿದೆವು. ಇಷ್ಟು ವರ್ಷದಲ್ಲಿ ಮೊದಲ ಸಲ 'ಸಮಯ' ಖಾಲಿ ಬಿಟ್ಟೆ.