ಢಾಕಾದ ಬಂದ್, ಕಾಕುವಿನ ಬಂದ್

ಬಾಜೂ ಮನೆಯವರ ಜಗಳ ಯಾರಿಗೂ ಹೊಸದಲ್ಲ. ಬಾಜೂ ದೇಶದ ಜಗಳ ನಮ್ಮ ಒಲೆಯ ತನಕ ಬರತೊಡಗಿದ್ದು ಕಬ್ಬು ತೆಗೆದು ದ್ರಾಕ್ಷಿ ಹಚ್ಚಿದ ಮೇಲೆ. ಕಬ್ಬು ನಾಲ್ಕು ದಿನ ತಡೆಯುತ್ತದೆ. ಹಣ್ಣಾದ ದ್ರಾಕ್ಷಿ ಯಾರಪ್ಪನ ಮಾತನ್ನೂ ಕೇಳುವುದಿಲ್ಲ. ಅಥಣಿ ತಾಲೂಕಿನ ನಮ್ಮ ತೋಟದ ಹಣ್ಣು ಮಿರಜದ ದಲಾಲನ ಕೈಯಿಂದ ಕಲಕತ್ತೆಗೆ, ಅಲ್ಲಿಂದ ಢಾಕಾಕ್ಕೆ ಹೋಗುತ್ತಿತ್ತು. ಹೀಗಾಗಿ ಆ ವರ್ಷಗಳಲ್ಲಿ ನಮ್ಮ ಕಾಕಾ ಕೂತಲ್ಲಿ ಕೂಡಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಅವನ ಹಿಂದೆ ಓಡಾಡಿ ನನ್ನ ಚಪ್ಪಲಿಯೂ ಸವೆಯಿತು.

ನೇಪಾಳದ ದಾರಿ

ದಲಾಲನಿಗೆ ದರ ಇಳಿಸಲು ಪ್ರತಿ ವರ್ಷ ಒಂದು ದೇಶ ಬೇಕಾಗುತ್ತಿತ್ತು. ಒಮ್ಮೆ ಲಂಕೆಯಲ್ಲಿ ಗುಂಡು ಹಾರಿದವು ಎಂದು ಇಳಿಸಿದ. "ನಮ್ಮ ಹಣ್ಣ ಲಂಕಾಕ್ಕ ಯಾವಾಗ ಹೋಗಿತ್ತೋ ಮಾರಾಯಾ?" ಎಂದು ಕಾಕಾ ಹಣೆ ಬಡಿದುಕೊಂಡು, ಮರುದಿನವೇ ಚಿಕ್ಕೋಡಿಗೆ ಹೋಗಿ ರೇಡಿಯೋ ತಂದ.

ಮುಂದಿನ ಸುಗ್ಗಿಗೆ ದಲಾಲ ಮುಖ ಸಣ್ಣದು ಮಾಡಿಕೊಂಡು ಬಂದ. "ಕಾಯ್ ಸಾಂಗೂ, ಏನ್ ಹೇಳ್ಲಿ ಕಾಕಾ, ನೇಪಾಳದ ದಾರಿ ಬಂದ್ ಆಗೇತ್ರಿ. ಅಲ್ಲಿಗೆ ಹೋಗೂ ಮಾಲೆಲ್ಲ ಕಲಕತ್ತಾದಾಗ ಬಿದ್ದೈತಿ."

"ತೆರದಾರಲ್ಲೋ! ಮುಂಜಾನಿ ಸುದ್ದ್ಯಾಗ ಹೇಳ್ಯಾರ."

ದಲಾಲ ತಲೆ ಕೆರೆದುಕೊಂಡ. "ಹೌದ್ರಿ, ತೆರದಾರ. ಆದ್ರ ನಮ್ಮ ಡ್ರೈವರ ಕಡೆ ರೇಡಿಯೋ ಇಲ್ರಿ. ಅವಗಿನ್ನೂ ಗೊತ್ತಿಲ್ಲ."

ರಸ್ತೆ ಬೇಡ

ಚುನಾವಣೆಗೆ ನಿಂತವರೊಬ್ಬರು ಮತ ಕೇಳಲು ತೋಟಕ್ಕೆ ಬಂದರು. ಕೈಮುಗಿದು, "ಕಾಕಾ, ತೋಟದ ಮಟಾ ಡಾಂಬರ್ ರಸ್ತೆ ಮಾಡಸ್ತೀನ್ರಿ" ಎಂದರು.

ಕಾಕಾ ರೇಡಿಯೋದಿಂದ ಕಿವಿ ತೆಗೆಯದೆ ಹೇಳಿದ: "ರಸ್ತೆ ಇರ್ಲಿ ಸಾಹೇಬ್ರ. ಢಾಕಾದಾಗ ಆಳೋ ಪಾರ್ಟಿ, ವಿರೋಧಿ ಪಾರ್ಟಿ ಬಡದಾಡಾಕತ್ತಾವ. ಅವರನ್ನ ಒಂದ ಕಟ್ಟಿ ಮ್ಯಾಲ ಕುಂದರಸ್ತೀರೇನ್ರಿ?"

ಅವರು ಹಿಂದಿದ್ದ ಕಾರ್ಯಕರ್ತನ ಕಿವಿಯಲ್ಲಿ ಕೇಳಿದರು: "ಢಾಕಾ ನಮ್ಮ ಮತಕ್ಷೇತ್ರದಾಗ ಬರ್ತೈತೇನೋ?"

ಚಂದ್ರ

ಆಗ ರಂಜಾನ್ ಸರಿಯಾಗಿ ದ್ರಾಕ್ಷಿ ಸುಗ್ಗಿಯಲ್ಲಿ ಬರುತ್ತಿತ್ತು. ರೋಜಾ ಬಿಡಲು ಢಾಕಾದಲ್ಲಿ ಹಣ್ಣು ಬೇಕು. ಚಂದ್ರ ಕಂಡನೆಂದರೆ ನಮ್ಮ ಹಣ್ಣಿಗೆ ದರ ಬಂತು. ರಂಜಾನ್ ಶುರುವಾಗುವ ಹಿಂದಿನ ಸಂಜೆ ಊರಿನ ದ್ರಾಕ್ಷಿಯವರೆಲ್ಲ ಮಾಳಿಗೆ ಹತ್ತಿ ಪಡುವಣಕ್ಕೆ ಕತ್ತು ಚಾಚಿ ನಿಂತರು. ಕಂಡದ್ದೇ ತಡ, ಕಾಕಾ ಟೇಲರ್ ಚಾಚಾನ ಅಂಗಡಿಗೆ ಓಡಿದ. "ಚಾಚಾ, ಕಂಡ! ಚಂದ್ರ ಕಂಡ!"

ಚಾಚಾ ಹೊಲಿಗೆ ಮಷಿನ್ ನಿಲ್ಲಿಸಿ ಕನ್ನಡಕ ತೆಗೆದರು. "ನಾಳೆಯಿಂದ ಉಪಾಸ ಇರಾಂವ ನಾನು. ನನಗಿಲ್ಲದ ಗಡಿಬಿಡಿ ನಿನಗ್ಯಾಕೋ?"

ಹನಮಪ್ಪನ ಗುಡಿಯಲ್ಲಿ

ಚಂದ್ರ ಬಂದ, ಲಾರಿ ಬರಲಿಲ್ಲ. ಢಾಕಾದಲ್ಲಿ ಬಂದ್ ಮೇಲೆ ಬಂದ್. ಗಡಿಯಲ್ಲಿ ಮಾಲು ನಿಂತಿದೆ ಎಂದು ದಲಾಲ ಹೇಳಿದ. ಈ ಸಲ ರೇಡಿಯೋ ಕೂಡ ಅದನ್ನೇ ಹೇಳಿತು. ಗೊನೆಗಳಿಗೆ ಜೇನು ಮುತ್ತತೊಡಗಿದವು. ವರ್ಷದ ಅನ್ನವೆಲ್ಲ ಆ ಚಪ್ಪರದ ಕೆಳಗೆ ತೂಗುತ್ತಿತ್ತು. ಕಾಕಾ ಕಾಯಿ ಹಿಡಿದು ಹನಮಪ್ಪನ ಗುಡಿಗೆ ನಡೆದ.

"ಅಭಿಷೇಕ ಯಾರ ಹೆಸರಲೇ ಮಾಡ್ಲಿ?" ಎಂದರು ಪೂಜಾರಿ.

"ಢಾಕಾದ ಸರಕಾರ, ಮತ್ತ ಅವರ ವಿರೋಧಿ ಪಾರ್ಟಿ."

ಪೂಜಾರಿ ಕಾಕಾನನ್ನು ಒಮ್ಮೆ, ದೇವರನ್ನು ಒಮ್ಮೆ ನೋಡಿದರು. "ಬ್ಯಾರೆ ಬ್ಯಾರೆ ಮಾಡ್ಲೋ, ಕೂಡೇ ಮಾಡ್ಲೋ?"

"ಕೂಡೇ ಮಾಡ್ರಿ. ಬ್ಯಾರೆ ಬ್ಯಾರೆ ಆಗೇ ಈ ಗತಿ ಬಂದೈತಿ!"

ತೋಟದ ಬಾಗಿಲಲ್ಲಿ

ಹನಮಪ್ಪನ ಕೃಪೆಯೋ ಏನೋ, ಎರಡು ದಿನಕ್ಕೆ ಬಂದ್ ತೆರವಾಯಿತು. ದಲಾಲ ಬೆಳಿಗ್ಗೆಯೇ ಲಾರಿ ತಂದು ನಿಲ್ಲಿಸಿದ. "ಇವತ್ತ ತುಂಬಿದ್ರ ಪೂರಾ ದರ. ನಾಳೆ ಮತ್ತ ಏನ ಆಗ್ತೈತೋ ಗೊತ್ತಿಲ್ರಿ, ಲಗೂ ಕೊಯ್ಸ್ರಿ!"

ಕೊಯ್ಯುವವರಿಲ್ಲ. ಹಣ್ಣು ಕೊಯ್ಯುವ ಹೆಣ್ಣುಮಕ್ಕಳ ಮುಖಂಡತ್ವ ಕಾಕಾನ ಹೆಂಡತಿ, ನಮ್ಮ ಕಾಕುವಿನದು. ಅವಳು ಕತ್ತರಿಗಳ ಬುಟ್ಟಿಯ ಮೇಲೆಯೇ ಕೂತಿದ್ದಳು. ಸುತ್ತ ಉಳಿದವರು ಎಲೆ ಅಡಿಕೆ ಹಾಕುತ್ತಿದ್ದರು.

"ಮದಿವ್ಯಾದಾಗಿಂದ ನನ್ನ ಹೆಸರಲೇ ಒಂದ ಕಾಯಿ ಒಡಿಸಿಲ್ಲ ಈ ಮನುಷ್ಯಾ" ಎಂದಳು ಕಾಕು. "ಕಂಡಿಲ್ಲ, ಕೇಳಿಲ್ಲ, ಢಾಕಾದವರಿಗೆ ಅಭಿಷೇಕ! ಅವರನ್ನ ಕರದು ಕೊಯ್ಸ್ಲಿ. ಇವತ್ತ ನಮ್ದೂ ಬಂದ್."

"ತಪ್ಪಾತಂತ ಹೇಳೋ ಕಾಕಾ" ಎಂದು ನಾನು ಗೋಗರೆದೆ. ಕಾಕಾ ಮೀಸೆ ತಿರುವಿದ. "ಮಂದಿ ಮುಂದ ಹೇಳಂತೀ ಏನ್ಲೇ?"

ಬಿಸಿಲೇರಿತು. ದಲಾಲ ಚಪ್ಪರದಿಂದ ಲಾರಿಗೆ, ಲಾರಿಯಿಂದ ಚಪ್ಪರಕ್ಕೆ ಸುತ್ತಿದ. ಕಡೆಗೆ ತಡೆಯಲಾರದೆ ನನ್ನ ಸೈಕಲ್ಲು ಕಸಿದುಕೊಂಡು ಗುಡಿಗೆ ಹೋದ. ಬರುವಾಗ ಕೈಯಲ್ಲಿ ಒಡೆದ ಕಾಯಿ, ಹಣೆಯಲ್ಲಿ ಕುಂಕುಮ. ಮೊದಲು ಕಾಕುವಿನ ಕೈಗೆ ಪ್ರಸಾದ ಕೊಟ್ಟ. "ನಿಮ್ಮ ಹೆಸರಲೇ ಅಭಿಷೇಕ ಮಾಡಿಸೀನಿ ಕಾಕು. ಕಾಕಾನ ಹೆಸರೂ ಹಾಕೀನಿ. ಪೂಜಾರಿಗೆ ಕೂಡೇ ಮಾಡ್ರಿ ಅಂದೆ."

ಕಾಕು ಪ್ರಸಾದ ಕಣ್ಣಿಗೊತ್ತಿಕೊಂಡಳು. ಬುಟ್ಟಿಯಿಂದ ಎದ್ದಳು. "ಏಳ್ರೇ, ಕತ್ತರಿ ತಗೋರಿ!"

ಸಂಜೆಯೊಳಗೆ ಲಾರಿ ತುಂಬಿತು. ದಲಾಲ ಬೆವರೊರೆಸಿಕೊಂಡು ಡ್ರೈವರನ ಪಕ್ಕ ಹತ್ತುತ್ತ ನನಗೆ ಹೇಳಿದ: "ಮುಂದಿನ ವರ್ಸ ರೇಡಿಯೋ ಸುದ್ದಿ ಆಮ್ಯಾಲ ಕೇಳ್ರಿ. ಮೊದಲ ನಿಮ್ಮ ಕಾಕು ಕಾಕಾನ ಜೋಡಿ ಮಾತಾಡಾಕತ್ತಾಳೋ ಇಲ್ಲೋ ನೋಡಿ, ಒಂದ ಫೋನ್ ಮಾಡ್ರಿ."