ಉಗುಳಿದರೆ ಕುಡಿದ ಹಾಗಾ?

ಸಣ್ಣಕ್ಕ: ಬಾಯೊಳಕ್ಕೆ ಓಯ್ತು ಅಂದ್ಮೇಲೆ ಕುಡಿದಂಗೇಯ.

ಜವರಪ್ಪ: ಬಾಯೊಳಕ್ಕೆ ಓಗಿದ್ದು ಅಂಗೇ ಈಚೆಗೆ ಬತ್ತದಲ್ಲ. ಗಂಟ್ಲು ದಾಟಿದ್ರೆ ತಾನೆ ಕುಡಿದಂಗೆ?

ಸಣ್ಣಕ್ಕ: ಟಗರಿನ ತಲೆ ಮ್ಯಾಲೆ ಕೈ ಮಡಗಿ ಆಣೆ ಮಾಡ್ದಾಗ ಗಂಟ್ಲಿನ ಮಾತು ಎತ್ತಿರಲಿಲ್ಲ ನೀನು.

ಜವರಪ್ಪ: ಉಗಿಯೋ ಕುಡಿತ ಅಂತ ಒಂದೈತೆ ಅನ್ನೋದು ಅವತ್ತು ನಂಗೆ ಯಾರು ಯೋಳಿದ್ರು?

ಏರ್ಕಾಡು ಬೆಟ್ಟದ ಮೇಲಿನ ಒಂದು ಕ್ಲಬ್ಬಿನ ಹುಲ್ಲಿನ ಮೈದಾನ. ಸಾವಿರದ ಒಂಬೈನೂರ ಎಪ್ಪತ್ತೆರಡರ ಬೇಸಿಗೆ. ಹಿಂದಿನ ವರ್ಷವಷ್ಟೇ ಮದ್ಯನಿಷೇಧದ ಕಾಯ್ದೆ ಸಡಿಲವಾಗಿತ್ತು. ಸುತ್ತಿನ ತೋಟದವರೆಲ್ಲ ಮನೆಯಲ್ಲಿ ಮಾಡಿದ ವೈನನ್ನು ತಂದು, ಇಪ್ಪತ್ತೆರಡು ಮೇಜುಗಳ ಮೇಲೆ ಬಿಳಿ ಬಟ್ಟೆ ಹಾಸಿ, ಬಂದವರಿಗೆ ರುಚಿ ತೋರಿಸುತ್ತಿದ್ದರು. ಸೇಲಂನ ವಕೀಲರು, ಡಾಕ್ಟರುಗಳು, ಕಾಫಿ ತೋಟದ ಹೆಂಗಸರು, ಶಂಕಗಿರಿಯ ಲಾರಿ ಮಾಲೀಕರು, ಒಬ್ಬ ಪಾದ್ರಿ, ಎಲ್ಲರೂ ಬಂದಿದ್ದರು. ಒಂದು ಮರದಡಿ ಬ್ಯಾಂಡಿನವರು ನಿಧಾನವಾಗಿ ಏನೋ ನುಡಿಸುತ್ತಿದ್ದರು.

ಈ ಜನದ ನಡುವೆ ಜವರಪ್ಪನ ಕಂಬಳಿ, ಸಣ್ಣಕ್ಕನ ಕೆಂಪು ಸೀರೆ ದೂರಕ್ಕೇ ಕಾಣುತ್ತಿದ್ದವು. ಈ ಗಂಡಹೆಂಡತಿ ಪೆನ್ನಾಗರಂ ಕಡೆಯ, ಮನೆಯಲ್ಲಿ ಕನ್ನಡ ಆಡುವ ಕುರಿ ಸಾಕುವವರು. ಬೆಟ್ಟದ ಬುಡದಲ್ಲಿ ಈಶ್ವರನ್ ಗೌಂಡರ ದ್ರಾಕ್ಷಿ ತೋಟ. ಹೋದ ವರ್ಷ ಅವರ ಮಂದೆ ಆರು ವಾರ ಆ ತೋಟದಲ್ಲಿ ತಂಗಿ ಗೊಬ್ಬರ ಕೊಟ್ಟಿತ್ತು. ಆ ದ್ರಾಕ್ಷಿಯ ವೈನು ಇವತ್ತು ಮೇಜಿಗೆ ಬರುತ್ತಿದೆ, ನೀವಿಬ್ಬರೂ ಬರಲೇಬೇಕು ಎಂದು ಗೌಂಡರು ಕುರಿಗಳನ್ನು ಸಣ್ಣಕ್ಕನ ತಮ್ಮ ಮಾದೇಶನಿಗೆ ಒಪ್ಪಿಸಿ, ಇವರನ್ನು ಜೀಪಿನಲ್ಲಿ ಕೂರಿಸಿಕೊಂಡು ಬಂದಿದ್ದರು.

ತೊಡಕಿದ್ದದ್ದು ಆಣೆಯಲ್ಲಿ. ಎರಡು ವರ್ಷದ ಹಿಂದೆ ಜವರಪ್ಪ ಕಳ್ಳಬಟ್ಟಿ ಕುಡಿದು ಬೇಲಿಯ ಪಕ್ಕ ಮಲಗಿಬಿಟ್ಟಿದ್ದ. ಎದ್ದಾಗ ನಾಲ್ಕು ಮರಿಗಳನ್ನು ತೋಳ ಎತ್ತಿಕೊಂಡು ಹೋಗಿತ್ತು. ಅವತ್ತಿನಿಂದ ಅವನು ಒಂದು ತೊಟ್ಟೂ ಮುಟ್ಟಿರಲಿಲ್ಲ.

ಈಶ್ವರನ್: ಏನಮ್ಮಾ ಇನ್ನೂ ಪಂಚಾಯ್ತಿ? ಇಲ್ಲಿ ಯಾರೂ ಕುಡಿಯಲ್ಲ. ಸುಮ್ಮಾ ಬಾಯಲ್ಲಿ ಹಾಕಿ ಆ ಬಕೆಟ್ಟಿಗೆ ತುಪ್ಪೋದು, ಉಗುಳೋದು. ಅಲ್ಲಿ ನೋಡು, ಪಾದ್ರಿ ಕೂಡ ತುಪ್ತಾರೆ.

ಸಣ್ಣಕ್ಕ: ಚೆನ್ನಾಗಿದ್ರೆ ಯಾಕೆ ಉಗೀತಾರೆ? ಚೆನ್ನಾಗಿಲ್ದಿದ್ರೆ ಯಾಕೆ ಬಾಯಿಗೆ ಆಕ್ಕೋತಾರೆ?

ಈಶ್ವರನ್: ಇಪ್ಪತ್ತೆರಡು ಮೇಜು ಐತಮ್ಮ. ಎಲ್ಲಾ ನುಂಗಿದ್ರೆ ಬೆಟ್ಟ ಇಳಿಯೋದು ಹೆಂಗೆ?

ಸಣ್ಣಕ್ಕ ಬಕೆಟ್ಟಿನೊಳಕ್ಕೆ ಬಗ್ಗಿ ನೋಡಿದಳು.

ಸಣ್ಣಕ್ಕ: ಸರಿ. ಉಗೀಬೇಕು. ನಾನು ಪಕ್ಕದಲ್ಲೇ ನಿಂತು ನೋಡ್ತೀನಿ.

ಮೊದಲನೆಯ ಮೇಜಿನಲ್ಲಿ ಒಬ್ಬ ವಕೀಲರು ಗ್ಲಾಸನ್ನು ತಿರುಗಿಸಿ, ಅದರೊಳಗೆ ಮೂಗಿಟ್ಟು, ತಲೆಯನ್ನು ಮೇಲಕ್ಕೆತ್ತಿ, ಮೇಲ್ದುಟಿ ಸುರುಟಿ ಕಣ್ಣು ಮುಚ್ಚಿದರು. ಸಣ್ಣಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಜವರಪ್ಪ: ಯಾಕೆ ನಗ್ತಿದ್ದೀಯ?

ಸಣ್ಣಕ್ಕ: ನಮ್ಮ ಟಗರು ಕುರಿ ಉಚ್ಚೆ ಮೂಸಿ ಇಂಗೇ ಅಲ್ವಾ ತುಟಿ ಎತ್ತೋದು.

ಜವರಪ್ಪ: ಮೆತ್ತಗೆ ಮಾತಾಡು. ಅವರ್ಗೆ ಕನ್ನಡ ಬಂದ್ರೆ?

ಸಣ್ಣಕ್ಕ: ಬಂದ್ರೂ ಟಗರಿಗೆ ಏನೂ ಬೇಜಾರಿಲ್ಲ.

ಅಲ್ಲಿಂದ ಅವಳಿಗೆ ಆ ಜಾಗ ಹಿಡಿಸಿತು. ಯಾರು ಮೂಸಿದರೂ ಅವಳು ಗಂಡನನ್ನು ಮೊಣಕೈಯಿಂದ ತಿವಿಯುತ್ತಿದ್ದಳು. ಜವರಪ್ಪ ಮಾತ್ರ ಬಹಳ ಗಂಭೀರವಾಗಿ ಮೂಸಿ, ಬಾಯಿಗೆ ಹಾಕಿ, ಎರಡು ಕೆನ್ನೆಗೂ ತಿರುಗಿಸಿ ಬಕೆಟ್ಟಿಗೆ ಉಗುಳಿ ಮುಂದಕ್ಕೆ ಹೋಗುತ್ತಿದ್ದ.

ಐದನೆಯದು ಗೌಂಡರ ಮೇಜು. ಯಾವ ವೈನು ಮೊದಲು ಎಂದು ಅಂದು ತೀರ್ಪು ಹೇಳಬೇಕಾಗಿದ್ದ ಹುಲ್ಲಿನ ಟೋಪಿಯ ವಯಸ್ಸಾದ ದೊರೆಸಾನಿ ಅಲ್ಲಿಗೆ ಬಂದು, ಒಂದು ಗುಟುಕು ಬಾಯಲ್ಲಾಡಿಸಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಗೌಂಡರ ಮುಖ ಹೊಳೆಯಿತು.

ಈಶ್ವರನ್: ಕೇಳಿದ್ರಾ? ಇದ್ರಲ್ಲಿ ಒಳ್ಳೆ ಬಾಡಿ ಐತಂತೆ.

ಸಣ್ಣಕ್ಕ ಎರಡು ಹೆಜ್ಜೆ ಹಿಂದೆ ಸರಿದಳು.

ಸಣ್ಣಕ್ಕ: ಯಾರ್ದು?

ಈಶ್ವರನ್: ಯಾರ್ದು ಅಂದ್ರೆ? ನಮ್ದೇ.

ಸಣ್ಣಕ್ಕ: ಅಯ್ಯೋ ಗೌಂಡ್ರೇ, ನಿಮ್ ಮನೇಲಿ ಯಾರು ತೀರ್ಕಂಡ್ರು? ಜೀಪಿನಲ್ಲಿ ಒಂದು ಮಾತು ಯೋಳಲಿಲ್ಲ.

ಜವರಪ್ಪ: ಆ ಬಾಡಿ ಅಲ್ಲ ಕಣಮ್ಮಿ. ಶಂಕಗಿರೀಲಿ ಲಾರಿಗೆ ಕಟ್ತಾರಲ್ಲ, ಮರದ ಬಾಡಿ. ಈ ರಸಾನೂ ಮರದ ಪೀಪಾಯೀಲಿ ತಾನೆ ಮಡಗೋದು. ಅದಕ್ಕೆ ಅಂದ್ರು.

ಈಶ್ವರನ್: ಅಯ್ಯೋ, ರೆಂಡೂ ಇಲ್ಲಪ್ಪ. ಹೆಣಾನೂ ಅಲ್ಲ, ಲಾರೀನೂ ಅಲ್ಲ. ಬಾಯಿಗೆ ಹಾಕಿದ್ರೆ ನೀರಂಗೆ ಇರ್ಬಾರ್ದು, ಸ್ವಲ್ಪ ದಪ್ಪ ಇರ್ಬೇಕು. ಅದುಕ್ಕೆ ಬಾಡಿ ಅನ್ನೋದು.

ಸಣ್ಣಕ್ಕ: ಗಂಜಿ ಗಟ್ಟಿಯಾಗೈತೆ ಅನ್ನಕ್ಕೆ ಇಷ್ಟು ಎದರಿಸ್ಬೇಕಾ?

ಒಂಬತ್ತನೆಯ ಮೇಜಿನಲ್ಲಿ ಬಿಳಿ ಬಣ್ಣದ ವೈನು ಕೊಟ್ಟರು. ಜವರಪ್ಪ ಬಾಯಿ ಮುಚ್ಚಿಕೊಂಡು ಹೆಂಡತಿಯ ಮುಖವನ್ನೇ ನೋಡುತ್ತ ನಿಂತ.

ಸಣ್ಣಕ್ಕ: ಉಗಿ.

ಅವನು ಬೇಡವೆಂದು ತಲೆಯಾಡಿಸಿದ. ಅವಳು ಬಕೆಟ್ಟನ್ನು ಕಾಲಿನಿಂದ ಅವನ ಮುಂದೆ ತಳ್ಳಿದಳು. ಅವನು ಮನಸ್ಸಿಲ್ಲದೆ ಉಗುಳಿದ.

ಜವರಪ್ಪ: ಇದನ್ನ ನುಂಗಬೌದಿತ್ತು. ಈ ಮೇಜಿನೋರು ಏನಂದ್ರು ಕೇಳಿದ್ಯಾ? ಡ್ರೈ ಅಂದ್ರು.

ಸಣ್ಣಕ್ಕ: ಒದ್ದೆ ಐತಲ್ಲಯ್ಯ.

ಜವರಪ್ಪ: ಮುಂಚೆ ನಮ್ ಸೇಲಂ ಜಿಲ್ಲೇನ ಡ್ರೈ ಜಿಲ್ಲೆ ಅಂತಿರಲಿಲ್ವಾ? ಅಂಗಂದ್ರೆ ಏನು? ಸಾರಾಯಿ ಇಲ್ಲ ಅಂತ. ಡ್ರೈ ವೈನು ಅಂದ್ರೂ ಅದೇಯ.

ಸಣ್ಣಕ್ಕನಿಗೆ ಒಂದು ಕ್ಷಣ ಅದು ಸರಿ ಎನ್ನಿಸಿತು. ಅವಳು ಗೌಂಡರ ಕಡೆ ತಿರುಗಿದಳು.

ಈಶ್ವರನ್: ಸಾರಾಯಿ ಐತಮ್ಮ, ಸಕ್ಕರೆ ಇಲ್ಲ. ಅದು ಡ್ರೈ.

ಸಣ್ಣಕ್ಕ: ಎರಡು ಸಲ ಉಗಿ.

ಹದಿಮೂರನೆಯ ಮೇಜಿನ ಕಾಫಿ ತೋಟದವರು ಸೀಸೆಯ ಧೂಳು ಒರೆಸಿ ಎತ್ತಿ ಹಿಡಿದು, ಇದಕ್ಕೆ ಏಳು ವರ್ಷ ವಯಸ್ಸು ಎಂದು ಸುತ್ತಲಿದ್ದವರಿಗೆಲ್ಲ ತಮಿಳಿನಲ್ಲಿ ಹೇಳಿದರು. ಜನ ತಲೆದೂಗಿದರು. ಜವರಪ್ಪ ತಮಿಳಿನಲ್ಲೇ ಕೇಳಿದ.

ಜವರಪ್ಪ: ಏಳು ವರ್ಸದ ಇಂದೆ ಕಾಯ್ದೆ ಇತ್ತಲ್ಲ ಸಾಮಿ?

ತೋಟದವರು ಸೀಸೆಯನ್ನು ನಿಧಾನವಾಗಿ ಕೆಳಗಿಟ್ಟರು. ಎಲ್ಲರ ಕಣ್ಣೂ ಪಕ್ಕದಲ್ಲೇ ಗ್ಲಾಸು ಹಿಡಿದು ನಿಂತಿದ್ದ ದಪ್ಪ ಮೀಸೆಯವರ ಮೇಲೆ ಬಿತ್ತು. ಅವರು ಹೋದ ತಿಂಗಳಷ್ಟೇ ನಿವೃತ್ತರಾದ ಪೊಲೀಸು.

ಮೀಸೆಯವರು: ನಾನು ರಿಟೈರ್ ಆದೆ. ನನ್ನ ಕಿವಿ ನನಗಿಂತ ಒಂದು ವಾರ ಮುಂಚೆ ರಿಟೈರ್ ಆಯ್ತು. ಇನ್ನೊಂದು ಸ್ವಲ್ಪ ಹಾಕಿ.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಸಣ್ಣಕ್ಕ. ಪಕ್ಕದಲ್ಲಿದ್ದ ಡಾಕ್ಟರ ಹೆಂಡತಿ ಪೊನ್ನಮ್ಮ ಅವಳ ಕೈ ಹಿಡಿದು, ತಟ್ಟೆಯಿಂದ ಎರಡು ಬಿಸ್ಕತ್ತು ತೆಗೆದು ಕೊಟ್ಟರು. ಇಬ್ಬರೂ ತಮಿಳಿನಲ್ಲಿ ಮಕ್ಕಳು ಮರಿ ವಿಚಾರಿಸಿಕೊಂಡರು. ಬಂದಾಗ ಯಾರ ಮುಖವನ್ನೂ ನೋಡದೆ ನಿಂತಿದ್ದ ಸಣ್ಣಕ್ಕ ಈಗ ಆ ಗುಂಪಿನಲ್ಲಿ ಹೊಸಬಳಂತೆ ಇರಲಿಲ್ಲ.

ಆದರೂ ಅವಳ ತಲೆಯಲ್ಲಿ ಒಂದು ಹುಳು ಇತ್ತು. ತಾನು ಪಕ್ಕದಲ್ಲಿರುವುದರಿಂದ ಗಂಡ ಉಗುಳುತ್ತಿದ್ದಾನೆ. ಇಲ್ಲದಿದ್ದರೆ?

ಸಣ್ಣಕ್ಕ: ನೀನು ನೋಡ್ತಿರು. ನಾನು ಪೀಪಿ ಊದೋರ ತಾವ ಓಗಿ ಬತ್ತೀನಿ.

ಜವರಪ್ಪ: ಉಗಿಯೋದನ್ನ ಯಾರು ನೋಡ್ತಾರೆ?

ಸಣ್ಣಕ್ಕ: ನಿನ್ ಮ್ಯಾಲೆ ಬಿಟ್ಟಿವ್ನಿ.

ಅವಳು ಬ್ಯಾಂಡಿನ ಕಡೆ ನಡೆದು, ಗುಲಾಬಿ ಗಿಡಗಳ ಹಿಂದೆ ಸುತ್ತಿ ಬಂದು ಬಗ್ಗಿ ನಿಂತಳು. ಹದಿನೆಂಟನೆಯ ಮೇಜಿನವರು ಜವರಪ್ಪನಿಗೆ ಅರ್ಧ ಗ್ಲಾಸು ಕೆಂಪು ವೈನು ಕೊಟ್ಟರು. ಅವನು ಎಡಕ್ಕೆ ನೋಡಿದ. ಬಲಕ್ಕೆ ನೋಡಿದ. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಬಹಳ ಹೊತ್ತು ಹಾಗೇ ನಿಂತಿದ್ದ. ಅವನ ಗಂಟಲಮಣಿ ಒಮ್ಮೆ ಮೇಲಕ್ಕೆ ಬಂದದ್ದನ್ನು ಸಣ್ಣಕ್ಕ ಎಲೆಗಳ ಸಂದಿಯಿಂದ ನೋಡಿದಳು. ಆಮೇಲೆ ಜವರಪ್ಪ ಬಗ್ಗಿ ಬಕೆಟ್ಟಿಗೆ ಎಲ್ಲವನ್ನೂ ಉಗುಳಿ, ಕಂಬಳಿಯ ತುದಿಯಲ್ಲಿ ಬಾಯಿ ಒರೆಸಿಕೊಂಡ.

ಅವಳು ಬಂದು ಪಕ್ಕದಲ್ಲಿ ನಿಂತಳು. ಹೆಗಲಿನಿಂದ ಜಾರಿದ್ದ ಅವನ ಕಂಬಳಿಯನ್ನು ಸರಿಮಾಡಿದಳು.

ಜವರಪ್ಪ: ಏನಾಯ್ತು? ಪೀಪಿ ಚೆನ್ನಾಗಿರಲಿಲ್ವಾ?

ಸಣ್ಣಕ್ಕ: ಚೆನ್ನಾಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಎಲ್ಲರನ್ನೂ ಮೈದಾನದ ನಡುವೆ ಸೇರಿಸಿದರು. ಟೋಪಿಯ ದೊರೆಸಾನಿ ಒಂದು ಕಾಗದ ಓದಿದರು. ಹೊಸ ವೈನುಗಳಲ್ಲಿ ಈಶ್ವರನ್ ಗೌಂಡರದೇ ಮೊದಲು. ಚಪ್ಪಾಳೆಯ ನಡುವೆ ಗೌಂಡರು ಜವರಪ್ಪನ ತೋಳು ಹಿಡಿದು ಮುಂದಕ್ಕೆ ಎಳೆದು, ಈ ದ್ರಾಕ್ಷಿಗೆ ಗೊಬ್ಬರ ಕೊಟ್ಟ ಮಂದೆ ಇವರದು ಎಂದು ತಮಿಳಿನಲ್ಲಿ ಹೇಳಿದರು. ದೊರೆಸಾನಿ ತುಂಬಿದ ಗ್ಲಾಸನ್ನು ತಾವೇ ಅವನ ಕೈಗೆ ಕೊಟ್ಟು ತಮ್ಮ ಗ್ಲಾಸನ್ನು ಎತ್ತಿ ಹಿಡಿದರು. ಇನ್ನೂರು ಜನ ಗ್ಲಾಸೆತ್ತಿದರು. ಬ್ಯಾಂಡು ನಿಂತಿತು.

ಜವರಪ್ಪ: ಗೌಂಡ್ರೇ, ಬಕೆಟ್ಟು ಎಲ್ಲಿ?

ಈಶ್ವರನ್: ಇದು ಉಗುಳೋದಲ್ಲಪ್ಪ. ಮರ್ಯಾದೆ. ಪೂರ್ತಿ ಕುಡೀಬೇಕು.

ಜವರಪ್ಪ: ಅಂಗಾದ್ರೆ ನಂಗೆ ಬ್ಯಾಡ.

ಈಶ್ವರನ್: ಎಲ್ಲಾರೂ ನೋಡ್ತಾವ್ರೆ. ಗೊಬ್ಬರ ಹಾಕಿದೋನೇ ಕುಡೀಲಿಲ್ಲ ಅಂದ್ರೆ ಏನೋ ಕಲಬೆರಕೆ ಮಾಡಿದೀನಿ ಅಂತಾರಪ್ಪ. ನನ್ ಮಾನ ಹೋಗ್ತದೆ.

ಎದುರಿಗೆ ಇನ್ನೂರು ಗ್ಲಾಸು ಗಾಳಿಯಲ್ಲಿ ಕಾಯುತ್ತಿದ್ದವು. ಜವರಪ್ಪ ಹೆಂಡತಿಯ ಕಡೆ ತಿರುಗಿ ಕೂಡ ನೋಡಲಿಲ್ಲ.

ಜವರಪ್ಪ: ಮನ್ನಿಚ್ಚಿಡುಂಗ ಗೌಂಡ್ರೇ, ತಪ್ಪು ತಿಳ್ಕೋಬ್ಯಾಡಿ. ಆಣೆ ಐತೆ.

ಆಗ ಹಿಂದಿನಿಂದ ಬಳೆ ತೊಟ್ಟ ಕೈಯೊಂದು ಬಂದು ಗ್ಲಾಸನ್ನು ತೆಗೆದುಕೊಂಡಿತು. ಸಣ್ಣಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆಯೆತ್ತಿ, ಹೊಲದಲ್ಲಿ ಮಜ್ಜಿಗೆ ಕುಡಿಯುವವಳ ಹಾಗೆ ಒಂದೇ ಸಲಕ್ಕೆ ಗ್ಲಾಸು ಬರಿದು ಮಾಡಿದಳು.

ಜನ ಕೂಗಿ ಚಪ್ಪಾಳೆ ತಟ್ಟಿದರು. ಬ್ಯಾಂಡು ಮತ್ತೆ ಶುರುವಾಯಿತು. ಗೌಂಡರು ಕಣ್ಣೊರೆಸಿಕೊಂಡರು.

ಜವರಪ್ಪ: ನೀನು ಕುಡಿದ್ಯಾ?

ಸಣ್ಣಕ್ಕ: ಕುರಿ ನಿಂದೊಬ್ಬಂದೇನಾ? ಆಣೆ ನೀ ಮಾಡಿದ್ದೆ, ನಾ ಮಾಡಿರಲಿಲ್ಲ.

ದೊರೆಸಾನಿ ಹತ್ತಿರ ಬಂದು, ಹೇಗಿದೆ ಎಂದು ಒಡಕು ತಮಿಳಿನಲ್ಲಿ ಕೇಳಿದರು. ಸಣ್ಣಕ್ಕ ತುಟಿಯ ಮೇಲೆ ನಾಲಗೆ ಆಡಿಸಿದಳು.

ಸಣ್ಣಕ್ಕ: ಗೌಂಡ್ರೇ, ಅಮ್ಮಾವ್ರಿಗೆ ಯೋಳಿ. ಈವಯ್ಯ ಅಷ್ಟು ವರ್ಸ ಯಾಕೆ ಕುಡೀತಿದ್ದ ಅಂತ ನಂಗೆ ಇವತ್ತು ತಿಳೀತು ಅಂತ.

ಹೇಳುತ್ತಲೇ ಅವಳು ಖಾಲಿ ಗ್ಲಾಸನ್ನು ಇನ್ನೊಮ್ಮೆ ತುಂಬಲು ಮುಂದೆ ಚಾಚಿದಳು. ಜವರಪ್ಪನ ಮುಖ ಅರಳಿತು. ಪಕ್ಕದ ಮೇಜಿನಿಂದ ಅವನೂ ಒಂದು ಖಾಲಿ ಗ್ಲಾಸು ಎತ್ತಿಕೊಂಡ.

ಜವರಪ್ಪ: ಅಂಗಾದ್ರೆ ನಂಗೂ ಒಂದು ಗುಟುಕು...

ಸಣ್ಣಕ್ಕ ಅವನ ಕೈಯಿಂದ ಆ ಗ್ಲಾಸನ್ನು ಕಿತ್ತು ಮೇಜಿನ ಮೇಲೆ ಬೋರಲು ಹಾಕಿದಳು.

ಸಣ್ಣಕ್ಕ: ತಿಳೀತು ಅಂದೆ ಕಣಯ್ಯ. ಒಪ್ಕಂಡೆ ಅಂದ್ನಾ?