ಹಸಿರು ಚುಕ್ಕೆಗೆ ಟೇಬಲ್ ಫ್ಯಾನಿನ ಮೇಲಿರುವ ಮಮತೆಯ ಬಗ್ಗೆ

ಮಾನ್ಯ ಹಸಿರು ಚುಕ್ಕೆಯವರೇ,

ಕಂಪ್ಯೂಟರ್ ಪರದೆಯಲ್ಲಿ ನಮ್ಮ ಹೆಸರುಗಳ ಪಕ್ಕ ಸಾಸಿವೆಯಷ್ಟು ಜಾಗದಲ್ಲಿ ಕುಳಿತು, ಊರಿಗೊಬ್ಬರಂತೆ ಮನೆಯಿಂದಲೇ ದುಡಿಯುವ ನಮ್ಮೆಲ್ಲರ ಮೇಲೆ ಕಣ್ಣಿಟ್ಟಿರುವ ತಮಗೆ ತ್ರಿಶೂರಿನ ಲಿಜಿಮೋಳ್ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಮೌಸ್ ಅಲ್ಲಾಡಿದರೆ ತಾವು ಹಸಿರು, ಸ್ವಲ್ಪ ಹೊತ್ತು ಸುಮ್ಮನಿದ್ದರೆ ಹಳದಿ. ಮನುಷ್ಯರನ್ನು ಇಷ್ಟು ಸಲೀಸಾಗಿ ಅಳೆಯುವ ವಿದ್ಯೆ ದೇವರಿಗೂ ದಕ್ಕಿರಲಿಲ್ಲ.

ತಾವು ಬರುವ ಮುಂಚೆ ನಮ್ಮ ತಂಡವನ್ನು ಅದರ ಮುಖ್ಯಸ್ಥೆ, ಕಲ್ಲಿಕೋಟೆಯ ಸುಹರಾ ಅಕ್ಕ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಪಾಪ, ಮೇಲ್ವಿಚಾರಣೆಯ ಗಂಧಗಾಳಿಯೂ ಇಲ್ಲದ ಹೆಂಗಸು! ಬೆಳಿಗ್ಗೆ ಒಮ್ಮೆ ಫೋನ್ ಮಾಡಿ, ಮಗಳನ್ನು ಕರೆದಂತೆ, "ಮೋಳೇ, ಕೆಲಸ ಎಲ್ಲಿ ಸಿಕ್ಕಾಕೊಂಡಿದೆ ಹೇಳು, ಬಿಡಿಸೋಣ. ಮಗೂಗೆ ಜ್ವರ ಇಳೀತಾ?" ಎಂದು ಕೇಳಿ, ಆಮೇಲೆ ನಮ್ಮನ್ನು ನಮ್ಮ ಪಾಡಿಗೆ ಬಿಟ್ಟುಬಿಡುತ್ತಿದ್ದರು. ಗಲ್ಫಿನಲ್ಲಿರುವವರು ಊರಲ್ಲಿ ಕಟ್ಟಿಸುವ ಮನೆಗಳ ನಕ್ಷೆ ತಯಾರಿಸುವುದು ನಮ್ಮ ಕಸುಬು. ಮೆಟ್ಟಿಲು ಎಲ್ಲಿ ಕೂರಿಸಬೇಕೆಂದು ತಿಳಿಯದೆ ನಾವು ತಲೆ ಕೆರೆದುಕೊಳ್ಳುವಾಗ ಅವರು ಕಂಪ್ಯೂಟರಿಗೆ ಬೆನ್ನು ಹಾಕಿ, ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗೀಚಿ ಗೀಚಿ ದಾರಿ ಹುಡುಕುತ್ತಿದ್ದರು.

ಪೆನ್ಸಿಲು ತಮ್ಮ ಕಣ್ಣಿಗೆ ಬೀಳುವ ವಸ್ತುವಲ್ಲವಲ್ಲ, ತಾವು ಹಳದಿಯಾದಿರಿ. ಕೊಚ್ಚಿಯ ಕಚೇರಿಯಲ್ಲಿ ಕೂತ ಮ್ಯಾನೇಜರ್ ವಿನಯಚಂದ್ರನ್ ಸಾರ್ ವಿಡಿಯೋ ಸಭೆಯಲ್ಲಿ ನಮ್ಮೆಲ್ಲರ ಎದುರಿಗೇ ಅವರಿಗೆ, "ದಿನಾ ಮಧ್ಯಾಹ್ನ ನಿದ್ದೆ ಹೊಡೀತೀರೇನ್ರೀ? ಸೋಮವಾರ ಇಲ್ಲಿಗೆ ಬಂದು ಉತ್ತರ ಕೊಡಿ, ಇಲ್ಲಾಂದ್ರೆ ಕೆಲಸ ಬಿಡಿ" ಎಂದು ಗದರಿದರು. ಸುಹರಾ ಅಕ್ಕ ಪೆನ್ಸಿಲಿನಲ್ಲಿ ಗೀಚಿದ ನಕ್ಷೆಗಳನ್ನು ಸೋಮವಾರಕ್ಕೆಂದು ಜೋಡಿಸಿಟ್ಟುಕೊಂಡರು.

ಇನ್ನು ತಮ್ಮ ಕಣ್ಮಣಿ, ಆಲಪ್ಪುಳದ ಜೆಸ್ಟಿನ್. ಅತ್ತಿತ್ತ ತಿರುಗುವ ಟೇಬಲ್ ಫ್ಯಾನಿನ ಕತ್ತಿಗೆ ದಾರ, ದಾರದ ತುದಿಗೆ ಮೌಸ್. ಸ್ವತಃ ಜೆಸ್ಟಿನ್ ಮಾತ್ರ ಗಾಳ ಹಿಡಿದು ಹಿನ್ನೀರಿನ ದಂಡೆಯಲ್ಲಿ. ಓಣಂನ ಉತ್ತಮ ಉದ್ಯೋಗಿ ಪ್ರಶಸ್ತಿ ಆತನಿಗೇ ಬಂತು. ವಿಡಿಯೋ ಸಭೆಯಲ್ಲಿ ಸಾರ್, "ನೋಡಿ ಕಲೀರಿ, ಕುರ್ಚಿ ಬಿಟ್ಟು ಏಳೋದೇ ಇಲ್ಲ ಈ ಹುಡುಗ" ಎಂದು ಹೊಗಳುತ್ತಿರುವಾಗಲೇ ಕ್ಯಾಮೆರಾ ಆರಿಸಿ ಮೈಕ್ ಆರಿಸಲು ಮರೆತಿದ್ದ ಆತನ ಕಡೆಯಿಂದ ತಾಯಿಯ ದನಿ ಕೇಳಿಸಿತು: "ಅಯ್ಯೋ ಕರ್ತನೇ, ಇವನು ಮೀನು ಹಿಡಿಯೋಕೆ ಹೋಗಿ ಎಷ್ಟ್ ಹೊತ್ತಾಯ್ತು, ಈ ಫ್ಯಾನು ಯಾರಪ್ಪನಿಗೆ ತಿರುಗ್ತಿದೆ?" ಟಪ್ ಎಂದು ಸ್ವಿಚ್ಚು ಆರಿಸಿದ ಸದ್ದಾಯಿತು. ಸಭೆ ಮುಗಿಯುವಷ್ಟರಲ್ಲಿ ಆತನ ಹೆಸರಿನ ಪಕ್ಕ ತಾವು ಹಳದಿಯಾದಿರಿ. ಸಾರ್ ಕೆಮ್ಮಿ, "ನೆಟ್‌ವರ್ಕ್ ಸರಿಯಿಲ್ಲ" ಎಂದು ಪ್ರಶಸ್ತಿಯನ್ನು ಆತನಿಗೇ ದಯಪಾಲಿಸಿದರು.

ಆದ್ದರಿಂದ ತಮ್ಮಲ್ಲಿ ಅರಿಕೆ ಏನೆಂದರೆ, ಪ್ರಶಸ್ತಿಯ ಜೊತೆ ಕೊಡುವ ಓಣಂ ಉಡುಗೊರೆಯ ಹೊಸ ಮುಂಡು ಪಂಚೆಯನ್ನು ದಯವಿಟ್ಟು ಆ ಫ್ಯಾನಿಗೇ ಉಡಿಸಬೇಕು. ಸಾಧ್ಯವಾದರೆ ಸುಹರಾ ಅಕ್ಕನ ಪೆನ್ಸಿಲಿನ ತುದಿಯಲ್ಲೂ ಒಮ್ಮೆ ಬೆಳಗಬೇಕು. ಅದೂ ಆಗದಿದ್ದರೆ, ಸೋಮವಾರ ಅವರು ಮಾತಾಡುವಷ್ಟು ಹೊತ್ತಾದರೂ ಸಾರ್ ಕಣ್ಣು ತಮ್ಮಿಂದ ಸರಿದು ಅವರ ನಕ್ಷೆಗಳ ಮೇಲೆ ಬೀಳುವಂತೆ ಕೃಪೆ ಮಾಡಬೇಕು.

ಸದಾ ಅಲ್ಲಾಡುತ್ತಲೇ ಇರುವ,
ತಮ್ಮ ವಿಶ್ವಾಸಿ,
ಲಿಜಿಮೋಳ್

ತಾ.ಕ.: ಈ ಪತ್ರವನ್ನು ಪೆನ್ನಿನಲ್ಲೇ ಬರೆದೆ, ಅಷ್ಟು ಹೊತ್ತೂ ಮೌಸನ್ನು ಮಗಳ ತೊಟ್ಟಿಲಿಗೆ ಕಟ್ಟಿ ಕಾಲಿನಿಂದ ತೂಗುತ್ತಿದ್ದೆ. ಈಗಷ್ಟೇ ಸಾರ್ ಫೋನ್ ಮಾಡಿದ್ದರು: "ಭೇಷ್ ಲಿಜಿಮೋಳ್! ಬೆಳಿಗ್ಗೆಯಿಂದ ಒಂದ್ಸಲಾನೂ ಹಳದಿ ಆಗಿಲ್ಲ. ಸೋಮವಾರದಿಂದ ಸುಹರಾ ಜಾಗಕ್ಕೆ ನೀವೇ." ಸುದ್ದಿಯನ್ನು ತೊಟ್ಟಿಲಿನಲ್ಲಿರುವವಳಿಗೆ ತಿಳಿಸಿದ್ದೇನೆ. ಮೆಟ್ಟಿಲು ಎಲ್ಲಿ ಕೂರಿಸಬೇಕೆಂದು ಅವಳಿಗೂ ಗೊತ್ತಿಲ್ಲ.